ಅರ್ಧಂಬರ್ಧ ಪುಟಕ್ಕೆ 302: ಯಾವಾಗ ಹಾಕಬೇಕು, ಹೇಗೆ ಹಾಕಬೇಕು, ಯಾವಾಗ ತೆಗೆಯಬೇಕು

"ನಮ್ಮ ಸೈಟಿನ ಒಂದು ಪುಟ ಇನ್ನೂ ರೆಡಿ ಇಲ್ಲ. ಸದ್ಯಕ್ಕೆ ಅದನ್ನು ಬೇರೆ ಪುಟಕ್ಕೆ ತಿರುಗಿಸಿಟ್ಟರೆ ಗೂಗಲ್‌ನಲ್ಲಿ ನಮ್ಮ ಜಾಗ ಹೋಗುತ್ತಾ?" ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಚಿಕ್ಕಪೇಟೆಯಲ್ಲಿ ಸೀರೆ ವ್ಯಾಪಾರ ಮಾಡುವವರು ಕೇಳುತ್ತಾರೆ, ವಿಜಯನಗರದಲ್ಲಿ ಟ್ಯೂಷನ್ ನಡೆಸುವವರು ಕೇಳುತ್ತಾರೆ, ಇಂಗ್ಲಿಷ್ ಸೈಟಿಗೆ ಈಗ ಕನ್ನಡ ಪುಟ ಸೇರಿಸುತ್ತಿರುವ ಸಣ್ಣ ಕಂಪನಿಯವರು ಕೇಳುತ್ತಾರೆ. ಪ್ರಶ್ನೆ ಒಂದೇ, ಉತ್ತರ ಮಾತ್ರ ಎಲ್ಲರಿಗೂ ಒಂದೇ ಅಲ್ಲ. ಆ ಪುಟವನ್ನು ಗೂಗಲ್ ಈಗಾಗಲೇ ನೋಡಿದೆಯೋ ಇಲ್ಲವೋ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಮೊದಲೇ ಹೇಳಿಬಿಡುತ್ತೇನೆ. ಹೀಗೆ ಕೇಳುವವರಲ್ಲಿ ಹೆಚ್ಚಿನವರಿಗೆ ರೀಡೈರೆಕ್ಟೇ ಬೇಕಿರುವುದಿಲ್ಲ.

ಮೊದಲು ಗೊತ್ತಿರಬೇಕಾದ ನಾಲ್ಕು ಪದ

ರೀಡೈರೆಕ್ಟ್ ಅಂದರೆ ಒಂದು ವಿಳಾಸಕ್ಕೆ ಬಂದವರನ್ನು ಸರ್ವರ್ ಇನ್ನೊಂದು ವಿಳಾಸಕ್ಕೆ ಕಳಿಸುವುದು. ಕಳಿಸುವಾಗ ಸರ್ವರ್ ಮೂರು ಅಂಕಿಯ ಒಂದು ಸಂಖ್ಯೆಯನ್ನೂ ಹೇಳುತ್ತದೆ. ಅದು ಸ್ಟೇಟಸ್ ಕೋಡ್. 301 ಮತ್ತು 308 ಬಂದರೆ ‘ಈ ಪುಟ ಖಾಯಂ ಆಗಿ ಅಲ್ಲಿಗೆ ಹೋಗಿದೆ’ ಅಂತ ಅರ್ಥ. 302 ಮತ್ತು 307 ಬಂದರೆ ‘ಸದ್ಯಕ್ಕೆ ಅಲ್ಲಿ ನೋಡಿ, ನಿಜವಾದ ವಿಳಾಸ ಇದೇ’ ಅಂತ. 302ಕ್ಕೂ 307ಕ್ಕೂ ವ್ಯತ್ಯಾಸ ಬರುವುದು ಫಾರ್ಮ್ ತುಂಬಿ ಕಳಿಸುವಾಗ. 307ರಲ್ಲಿ ಫಾರ್ಮಿನ ಮಾಹಿತಿ ಹಾಗೇ ಮುಂದಕ್ಕೆ ಹೋಗುತ್ತದೆ, 302ರಲ್ಲಿ ಹೋಗುವ ಗ್ಯಾರಂಟಿ ಇಲ್ಲ. ಸುಮ್ನೆ ಓದುವ ಪುಟಗಳಿಗೆ 302 ಸಾಕು.

ಇಂಡೆಕ್ಸ್ ಅಂದರೆ ಗೂಗಲ್ ತಾನು ಓದಿದ ಪುಟಗಳನ್ನು ಬರೆದಿಟ್ಟುಕೊಂಡಿರುವ ಪಟ್ಟಿ. ಅಲ್ಲಿ ಇಲ್ಲದ ಪುಟ ಹುಡುಕಾಟದಲ್ಲಿ ಬರುವುದಿಲ್ಲ.

ಕ್ಯಾನೊನಿಕಲ್ ಸ್ವಲ್ಪ ಮುಖ್ಯವಾದದ್ದು. ಒಂದೇ ವಿಷಯ ಎರಡು ವಿಳಾಸಗಳಲ್ಲಿ ಸಿಕ್ಕರೆ ಗೂಗಲ್ ಒಂದನ್ನು ‘ಇದೇ ಮುಖ್ಯ’ ಅಂತ ಆರಿಸಿಕೊಳ್ಳುತ್ತದೆ. ಫಲಿತಾಂಶದಲ್ಲಿ ಕಾಣುವುದು ಅದೇ. ಆ ಆಯ್ಕೆಯೇ ಕ್ಯಾನೊನಿಕಲ್. 301 ಹಾಕಿದರೆ ‘ಹೊಸ ವಿಳಾಸವನ್ನೇ ಮುಖ್ಯ ಮಾಡಿಕೋ’ ಅಂತ ಗೂಗಲ್‌ಗೆ ಗಟ್ಟಿಯಾದ ಸೂಚನೆ ಕೊಟ್ಟಂತೆ. 302 ಹಾಕಿದರೆ ಆ ಸೂಚನೆ ಬಹಳ ಮೆಲು, ಹಾಗಾಗಿ ಹಳೇ ವಿಳಾಸ ಉಳಿಯುವ ಸಾಧ್ಯತೆ ಜಾಸ್ತಿ. ಗಮನಿಸಿ, ಇದು ಸೂಚನೆ ಅಷ್ಟೇ, ಅಪ್ಪಣೆ ಅಲ್ಲ.

‘302 ಹಾಕಿದರೆ ಬೇರೆ ಸೈಟುಗಳು ನಮಗೆ ಕೊಟ್ಟ ಲಿಂಕುಗಳ ಬೆಲೆ ಸೋರಿಹೋಗುತ್ತದೆ’ ಅನ್ನುವ ಹಳೇ ಭಯ ಇನ್ನೂ ಓಡಾಡುತ್ತಿದೆ. 30ರಿಂದ ಶುರುವಾಗುವ ಯಾವ ರೀಡೈರೆಕ್ಟಿನಲ್ಲೂ ಪೇಜ್‌ರ‍್ಯಾಂಕ್ (ಲಿಂಕುಗಳಿಂದ ಪುಟಕ್ಕೆ ಸಿಗುವ ಬೆಲೆ) ಕಳೆದುಹೋಗುವುದಿಲ್ಲ ಅಂತ ಗೂಗಲ್‌ನ ಗ್ಯಾರಿ ಇಲಿಯಸ್ 2016ರಲ್ಲೇ ಹೇಳಿದ್ದಾರೆ. ಹಾಗಾಗಿ ಆ ಚಿಂತೆ ಬಿಡಿ. ಚಿಂತೆ ಮಾಡಬೇಕಾದದ್ದು ಬೇರೆ ಇದೆ, ಮುಂದೆ ಹೇಳುತ್ತೇನೆ.

ಏನೇನು ಬೇಕು

ಸೈಟಿನ ಅಡ್ಮಿನ್ ಅಥವಾ ಹೋಸ್ಟಿಂಗ್ ಲಾಗಿನ್. ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ನಿಮ್ಮ ಸೈಟ್ ನಿಮ್ಮದೇ ಅಂತ ದೃಢಪಡಿಸಿದ ಖಾತೆ (ಗೂಗಲ್ ನಿಮ್ಮ ಸೈಟನ್ನು ಹೇಗೆ ನೋಡುತ್ತಿದೆ ಅಂತ ತೋರಿಸುವ ಉಪಕರಣ ಇದು, ಪುಕ್ಕಟೆ). ತಿರುಗಿಸಬೇಕಾದ ವಿಳಾಸಗಳ ಪಟ್ಟಿ, ಒಂದು ಎಕ್ಸೆಲ್ ಹಾಳೆಯಲ್ಲಿ. ಆ ಹಾಳೆಯಲ್ಲಿ ‘ಯಾವತ್ತು ತೆಗೆಯಬೇಕು’ ಅನ್ನುವ ಕಾಲಂ ಕಡ್ಡಾಯ.

ಹಂತ 1: ಗೂಗಲ್‌ಗೆ ಆ ಪುಟ ಗೊತ್ತಿದೆಯಾ ನೋಡಿ

ಸರ್ಚ್ ಕನ್ಸೋಲ್ ತೆರೆದು ಮೇಲೆ ಹುಡುಕುವ ಜಾಗದಲ್ಲಿ ಪುಟದ ಪೂರ್ತಿ ವಿಳಾಸ ಹಾಕಿ. ಇದಕ್ಕೆ ಯುಆರ್‌ಎಲ್ ಇನ್‌ಸ್ಪೆಕ್ಷನ್ ಅಂತಾರೆ. ಪುಟ ಇಂಡೆಕ್ಸಿನಲ್ಲಿದೆಯೋ ಇಲ್ಲವೋ ನೇರವಾಗಿ ಹೇಳುತ್ತದೆ. ಇಲ್ಲ ಅಂದರೆ ಹಂತ 2ಕ್ಕೆ ಹೋಗಿ. ಇದೆ ಅಂದರೆ ಹಂತ 3ಕ್ಕೆ.

ಹಂತ 2: ಹೊಚ್ಚ ಹೊಸ ಪುಟವಾದರೆ ಪಬ್ಲಿಷ್ ಮಾಡಬೇಡಿ, ಅಷ್ಟೇ

ಇಲ್ಲಿ ಒಂದು ದೊಡ್ಡ ತಪ್ಪು ಕಲ್ಪನೆ ಇದೆ. ಖಾಲಿ ಪುಟ ಮಾಡಿ, 302 ಹಾಕಿಟ್ಟರೆ, ಆ ವಿಳಾಸಕ್ಕೆ ಈಗಿನಿಂದಲೇ ‘ವಯಸ್ಸು’ ಆಗುತ್ತದೆ, ಪುಟ ರೆಡಿಯಾದ ದಿನ ರ‍್ಯಾಂಕ್ ಸಿಗುತ್ತದೆ ಅಂತ ಕೆಲವರು ನಂಬಿದ್ದಾರೆ. ಪುಟದಲ್ಲಿ ಏನೂ ಇಲ್ಲದಿದ್ದಾಗ ಗೂಗಲ್ ಯಾವುದಕ್ಕೆ ರ‍್ಯಾಂಕ್ ಕೊಡಬೇಕು? ತಿರುಗಿಸಿದ ಕಡೆ ಇರುವುದನ್ನು ಅದು ಓದುತ್ತದೆ. ನಿಮ್ಮ ಖಾಲಿ ವಿಳಾಸಕ್ಕೆ ಅದರಿಂದ ಏನೂ ಜಮೆ ಆಗುವುದಿಲ್ಲ.

ಹಾಗಾಗಿ ವರ್ಡ್‌ಪ್ರೆಸ್ ಆಗಿದ್ದರೆ ಡ್ರಾಫ್ಟ್‌ನಲ್ಲೇ ಇಡಿ. ಬ್ಲಾಗರ್‌ನಲ್ಲೂ ಹಾಗೇ. ಕಂಪನಿ ಸೈಟಾದರೆ ಸ್ಟೇಜಿಂಗ್ ಮಾಡಿ, ಅಂದರೆ ಸೈಟಿನ ಒಂದು ನಕಲು ಇಟ್ಟುಕೊಂಡು ಅದರಲ್ಲಿ ಕೆಲಸ ಮಾಡುವುದು. ಆ ನಕಲಿಗೆ ಪಾಸ್‌ವರ್ಡ್ ಹಾಕಿ. ರೋಬೋಟ್ಸ್ ಫೈಲಿನಲ್ಲಿ ‘ಬರಬೇಡ’ ಅಂತ ಬರೆದರೆ ಸಾಕು ಅಂತ ಅಂದುಕೊಳ್ಳಬೇಡಿ. ಆ ಫೈಲ್ ಗೂಗಲ್ ಓದುವುದನ್ನು ತಡೆಯುತ್ತದೆಯೇ ಹೊರತು, ಬೇರೆ ಕಡೆಯಿಂದ ಲಿಂಕ್ ಸಿಕ್ಕರೆ ವಿಳಾಸ ಮಾತ್ರ ಫಲಿತಾಂಶದಲ್ಲಿ ಕಾಣಿಸಿಕೊಳ್ಳಬಹುದು.

ಹೊಸ ಪುಟದ ಲಿಂಕನ್ನು ಮೆನುವಿನಲ್ಲಿ ಹಾಕಬೇಡಿ. ಸೈಟ್‌ಮ್ಯಾಪಿನಲ್ಲೂ ಬೇಡ (ಗೂಗಲ್‌ಗೆ ಕೊಡುವ ಪುಟಗಳ ಪಟ್ಟಿ ಅದು). ಎರಡು ಭಾಷೆಯ ಸೈಟಾದರೆ ಎಚ್‌ರೆಫ್‌ಲ್ಯಾಂಗ್ ಸಾಲುಗಳಲ್ಲಿ ಕನ್ನಡ ಪುಟದ ವಿಳಾಸವನ್ನು ಈಗಲೇ ಸೇರಿಸಬೇಡಿ. ‘ಈ ಪುಟದ ಕನ್ನಡ ರೂಪ ಇಲ್ಲಿದೆ’ ಅಂತ ಗೂಗಲ್‌ಗೆ ಹೇಳುವ ಸಾಲು ಅದು. ಕನ್ನಡ ರೂಪವೇ ಇಲ್ಲದೆ ಹಾಗೆ ಹೇಳಿ ಏನು ಪ್ರಯೋಜನ?

ಈಗಾಗಲೇ ಕರಪತ್ರದಲ್ಲೋ ವಾಟ್ಸಾಪ್‌ನಲ್ಲೋ ವಿಳಾಸ ಹೋಗಿಬಿಟ್ಟಿದ್ದರೆ ಮಾತ್ರ ಹೊಸ ಪುಟಕ್ಕೂ 302 ಹಾಕುವುದರಲ್ಲಿ ಅರ್ಥ ಇದೆ. ಆಗ ಅದು ಬಂದ ಜನರಿಗೋಸ್ಕರ, ರ‍್ಯಾಂಕಿಗೋಸ್ಕರ ಅಲ್ಲ.

ಹಂತ 3: ಹಳೇ ಪುಟವಾದರೆ, ಹಳೇದನ್ನೇ ಇಟ್ಟುಕೊಳ್ಳಲು ಆಗುತ್ತದಾ?

ಮೊದಲ ಆಯ್ಕೆ ಯಾವಾಗಲೂ ಇದೇ ಇರಲಿ. ಹಳೇ ಪುಟ ಹಾಗೇ ಓಡುತ್ತಿರಲಿ, ಹೊಸದನ್ನು ಸ್ಟೇಜಿಂಗ್‌ನಲ್ಲಿ ಮುಗಿಸಿ, ಒಂದೇ ಸಲ ಬದಲಾಯಿಸಿ. ಯಾವ ರೀಡೈರೆಕ್ಟೂ ಬೇಡ, ವಿಳಾಸವೂ ಬದಲಾಗುವುದಿಲ್ಲ.

ಚಿಂತೆ ಮಾಡಬೇಕಾದ ವಿಷಯ ಇದು ಅಂತ ಆಗ ಹೇಳಿದ್ದು ಇದನ್ನೇ. 302 ವಿಳಾಸವನ್ನು ಉಳಿಸಲು ಸಹಾಯ ಮಾಡುತ್ತದೆ, ಆದರೆ ಪುಟದಲ್ಲಿದ್ದ ಮಾತನ್ನು ಉಳಿಸುವುದಿಲ್ಲ. ‘ಮದುವೆಗೆ ರೇಷ್ಮೆ ಸೀರೆ’ ಅಂತ ಹುಡುಕಿದಾಗ ನಿಮ್ಮ ಪುಟ ಬರುತ್ತಿದ್ದದ್ದು ಅದರಲ್ಲಿ ಮದುವೆ ಸೀರೆಗಳ ಬಗ್ಗೆ ಬರೆದಿದ್ದರಿಂದ. ಅದನ್ನು ‘ನಮ್ಮ ಬಗ್ಗೆ’ ಪುಟಕ್ಕೆ ತಿರುಗಿಸಿದರೆ ಆ ವಿಳಾಸದಲ್ಲಿ ಗೂಗಲ್‌ಗೆ ಸಿಗುವುದು ನಿಮ್ಮ ತಾತ ಅಂಗಡಿ ಶುರು ಮಾಡಿದ ಕಥೆ. ಕಥೆ ಚೆನ್ನಾಗಿಯೇ ಇರಬಹುದು. ಆ ಹುಡುಕಾಟಕ್ಕೆ ಮಾತ್ರ ಅದು ಉತ್ತರ ಅಲ್ಲ. ಸರಿಯಾದ ಕೋಡ್ ಹಾಕಿದ್ದರೂ ಜಾಗ ಕೆಳಗೆ ಹೋಗುತ್ತದೆ.

ಹಳೇ ಪುಟ ಇಟ್ಟುಕೊಳ್ಳಲು ಆಗದ ಸಂದರ್ಭಗಳೂ ಇವೆ. ಬೆಲೆ ಪೂರ್ತಿ ತಪ್ಪಾಗಿದೆ, ಕೋರ್ಸಿನ ಫೀಸ್ ಬದಲಾಗಿದೆ, ಬುಕಿಂಗ್ ಫಾರ್ಮ್ ಕೆಟ್ಟಿದೆ. ಆಗ 302 ಸರಿ. ಅದಕ್ಕಿಂತ ಮುಂಚೆ ಒಂದು ಮಾತು ಯೋಚಿಸಿ: ತಪ್ಪಿರುವ ಭಾಗವನ್ನಷ್ಟೇ ತೆಗೆದು, ಮೇಲೆ ‘ಹೊಸ ಬೆಲೆಗೆ ಫೋನ್ ಮಾಡಿ’ ಅಂತ ಒಂದು ಸಾಲು ಹಾಕಿದರೆ ಸಾಲದೇ? ಬಹಳ ಸಲ ಸಾಕಾಗುತ್ತದೆ.

ಪ್ರತಿ ವರ್ಷ ಬಂದು ಹೋಗುವ ವಿಷಯಗಳಿಗೂ ಇದೇ ಮಾತು. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಒಂದು ಪುಟ ಇದೆ ಅಂದುಕೊಳ್ಳಿ. ಪರಿಷೆ ಕಾರ್ತಿಕ ಮಾಸದ ಕೊನೆಯ ಸೋಮವಾರ. ಉಳಿದ ತಿಂಗಳಲ್ಲಿ ಆ ಪುಟವನ್ನು ಮುಖಪುಟಕ್ಕೆ ತಿರುಗಿಸುವವರಿದ್ದಾರೆ. ಬೇಡ. ವಿಳಾಸದಲ್ಲಿ ಇಸವಿ ಹಾಕದೆ ಒಂದೇ ಪುಟ ಇಟ್ಟುಕೊಂಡು ವರ್ಷಾ ವರ್ಷ ತಿದ್ದಿ. ಹೋದ ವರ್ಷದ ಫೋಟೋ, ಬಸ್ ದಾರಿ, ಗಾಡಿ ನಿಲ್ಲಿಸುವ ಜಾಗ ಎಲ್ಲ ಅಲ್ಲೇ ಇರಲಿ.

ಪುಟ ಮತ್ತೆ ಬರುವುದೇ ಇಲ್ಲ ಅಂತ ಗೊತ್ತಿದ್ದರೆ 302 ಹಾಕಬೇಡಿ. ಅದೇ ವಿಷಯದ ಇನ್ನೊಂದು ಪುಟ ಇದ್ದರೆ 301 ಹಾಕಿ, ಇಲ್ಲದಿದ್ದರೆ 404 (‘ಪುಟ ಸಿಗಲಿಲ್ಲ’) ಅಥವಾ 410 (‘ಪುಟ ತೆಗೆದುಹಾಕಿದೆ’) ಕೊಡಿ. 404 ಕೊಡುವುದು ಅಪರಾಧ ಏನಲ್ಲ.

ಹಂತ 4: ಎಲ್ಲಿಗೆ ತಿರುಗಿಸಬೇಕು

ಅದೇ ಅಗತ್ಯವನ್ನು ಸ್ವಲ್ಪವಾದರೂ ಪೂರೈಸುವ ಪುಟಕ್ಕೆ. ಕನ್ನಡದ ‘ರೇಷ್ಮೆ ಸೀರೆ’ ಪುಟವನ್ನು ತಿದ್ದುತ್ತಿದ್ದರೆ ಅದೇ ಸೀರೆಗಳ ಇಂಗ್ಲಿಷ್ ಪುಟಕ್ಕೆ ಕಳಿಸಿ. ಒಂದು ಕೋರ್ಸಿನ ಪುಟವಾದರೆ ಎಲ್ಲ ಕೋರ್ಸುಗಳ ಪಟ್ಟಿಗೆ ಕಳಿಸಿ.

ಎಲ್ಲವನ್ನೂ ಮುಖಪುಟಕ್ಕೆ ಗುಡ್ಡೆ ಹಾಕುವುದು ಅತಿ ಸಾಮಾನ್ಯ ತಪ್ಪು. ಸಂಬಂಧ ಇಲ್ಲದ ಕಡೆ ತಿರುಗಿಸಿದ ಪುಟಗಳನ್ನು ಗೂಗಲ್ ‘ಸಾಫ್ಟ್ 404’ ಅಂತ ಲೆಕ್ಕ ಹಾಕಬಹುದು. ಅಂದರೆ ಸರ್ವರ್ ಬೇರೆ ಏನೇ ಹೇಳಿದರೂ, ಪುಟ ಇಲ್ಲ ಅಂತಲೇ ಗೂಗಲ್ ಭಾವಿಸುತ್ತದೆ. ‘ಶೀಘ್ರದಲ್ಲೇ ಬರಲಿದೆ’ ಅಂತ ಒಂದೇ ಸಾಲಿರುವ ಪುಟಕ್ಕೆ ಹತ್ತಾರು ವಿಳಾಸ ತಿರುಗಿಸಿದರೂ ಅದೇ ಗತಿ.

ಸರಪಳಿ ಮಾಡಬೇಡಿ. ಮೊದಲ ಪುಟ ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ ಹೋಗುವುದು ಬೇಡ. ಗೂಗಲ್‌ನ ಬಾಟ್ (ಪುಟಗಳನ್ನು ಓದಲು ಬರುವ ಪ್ರೋಗ್ರಾಂ) 10 ಹಾರಿಕೆಯವರೆಗೆ ಹಿಂಬಾಲಿಸುತ್ತದೆ ನಿಜ. ಆದರೆ ಮೆಟ್ರೋದಲ್ಲಿ ನಿಂತುಕೊಂಡು ನಿಮ್ಮ ಸೈಟ್ ತೆರೆಯುತ್ತಿರುವ ಗಿರಾಕಿಗೆ ಅಷ್ಟು ತಾಳ್ಮೆ ಇರುವುದಿಲ್ಲ.

ಹಂತ 5: ನಿಯಮ ಬರೆಯಿರಿ

*ವರ್ಡ್‌ಪ್ರೆಸ್:* ರೀಡೈರೆಕ್ಷನ್ ಅನ್ನುವ ಪ್ಲಗಿನ್ ಸಾಕು. ಹಳೇ ವಿಳಾಸ, ಹೊಸ ವಿಳಾಸ ತುಂಬಿದ ಕೂಡಲೇ ಸೇವ್ ಒತ್ತಬೇಡಿ. ಈ ಪ್ಲಗಿನ್ ತಾನಾಗಿ ಹಾಕುವುದು 301. ಪಕ್ಕದ ಗಿಯರ್ ಚಿತ್ರ ಒತ್ತಿದರೆ ಕೋಡ್ ಆರಿಸುವ ಜಾಗ ಬರುತ್ತದೆ, ಅಲ್ಲಿ 302 ಆರಿಸಿ. ಇನ್ನೊಂದು ವಿಷಯ. ವರ್ಡ್‌ಪ್ರೆಸ್ ತಾನೇ ಒಂದಿಷ್ಟು ಬುದ್ಧಿವಂತಿಕೆ ತೋರಿಸುತ್ತದೆ. ಬ್ಲಾಗ್ ಪೋಸ್ಟಿನ ಸ್ಲಗ್, ಅಂದರೆ ವಿಳಾಸದ ಕೊನೆಯ ತುಂಡು, ಬದಲಾಯಿಸಿದರೆ ಹಳೇದರಿಂದ ಹೊಸದಕ್ಕೆ ತಾನೇ 301 ಹಾಕಬಹುದು. ಸಿಗದ ಪುಟಕ್ಕೆ ಹತ್ತಿರದ ಹೆಸರಿನ ಪುಟವನ್ನು ಊಹಿಸಿ ಅಲ್ಲಿಗೂ 301 ಕಳಿಸುತ್ತದೆ. ನೀವು ಹಾಕದ 301 ಕಂಡರೆ ಕಾರಣ ಬಹುಶಃ ಇದೇ.

*ಬ್ಲಾಗರ್:* ಸೆಟ್ಟಿಂಗ್ಸ್‌ನಲ್ಲಿ ಎರರ್ಸ್ ಆ್ಯಂಡ್ ರೀಡೈರೆಕ್ಟ್ಸ್ ಭಾಗಕ್ಕೆ ಹೋಗಿ. ಕಸ್ಟಮ್ ರೀಡೈರೆಕ್ಟ್ ಸೇರಿಸುವಾಗ ‘ಪರ್ಮನೆಂಟ್’ ಅನ್ನುವ ಸ್ವಿಚ್ಚನ್ನು ಆಫ್ ಮಾಡಿಡಿ.

*ಅಪಾಚೆ ಸರ್ವರ್:* ಡಾಟ್ ಎಚ್‌ಟಿಆ್ಯಕ್ಸೆಸ್ ಫೈಲಿನಲ್ಲಿ ಒಂದು ಸಾಲು. ಮೊದಲು ‘ರೀಡೈರೆಕ್ಟ್’ ಆದೇಶ, ಆಮೇಲೆ 302, ಆಮೇಲೆ ಸ್ಲ್ಯಾಶ್‌ನಿಂದ ಶುರುವಾಗುವ ಹಳೇ ದಾರಿ, ಕೊನೆಗೆ ಹೊಸ ವಿಳಾಸ. ನಡುವೆ ಒಂದೊಂದು ಜಾಗ ಬಿಡಿ. ಸಂಖ್ಯೆ ಬರೆಯದಿದ್ದರೂ ಅಪಾಚೆ 302 ಅಂತಲೇ ತಿಳಿಯುತ್ತದೆ, ಆದರೂ ಬರೆಯಿರಿ. ಮುಂದೆ ಫೈಲ್ ತೆರೆಯುವವರಿಗೆ ಅನುಮಾನ ಇರುವುದಿಲ್ಲ. ಇಲ್ಲಿ ಎಡವುವ ಜಾಗ ಏನೆಂದರೆ ಈ ಆದೇಶ ವಿಳಾಸದ ಆರಂಭವನ್ನು ಮಾತ್ರ ನೋಡುತ್ತದೆ. ‘ಸೀರೆ’ ದಾರಿಯನ್ನು ತಿರುಗಿಸಿದರೆ ‘ಸೀರೆ’ ಒಳಗಿನ ‘ಮೈಸೂರು ರೇಷ್ಮೆ’ ಪುಟವೂ ಹಿಂದೆಯೇ ಹೋಗುತ್ತದೆ, ಅಲ್ಲಿ ಆ ಹೆಸರಿನ ಪುಟ ಇರದೆ 404 ಆಗುತ್ತದೆ. ಒಂದೇ ಪುಟ ತಿರುಗಬೇಕಾದರೆ ‘ರೀಡೈರೆಕ್ಟ್‌ಮ್ಯಾಚ್’ ಆದೇಶ ಬಳಸಿ. ದಾರಿಯ ಮುಂದೆ ಕ್ಯಾರೆಟ್ ಗುರುತು, ಕೊನೆಗೆ ಡಾಲರ್ ಗುರುತು ಹಾಕಿ.

*ಎಂಜಿನ್‌ಎಕ್ಸ್:* ‘ರಿಟರ್ನ್ 302’ ಬರೆದು ಮುಂದೆ ವಿಳಾಸ ಕೊಡಿ. ಹಳೇ ಸೆಟ್ಟಿಂಗ್‌ನಲ್ಲಿ ‘ರೀರೈಟ್’ ಸಾಲುಗಳಿದ್ದರೆ ಕೊನೆಯ ಪದ ನೋಡಿ. ‘ರೀಡೈರೆಕ್ಟ್’ ಅಂತಿದ್ದರೆ 302, ‘ಪರ್ಮನೆಂಟ್’ ಅಂತಿದ್ದರೆ 301.

ಕನ್ನಡದಲ್ಲೇ ಸ್ಲಗ್ ಇಟ್ಟವರಿಗೆ ಒಂದು ಎಚ್ಚರಿಕೆ. ಬ್ರೌಸರಿನಿಂದ ವಿಳಾಸ ಕಾಪಿ ಮಾಡಿದರೆ ಕನ್ನಡ ಅಕ್ಷರಗಳು ಶೇಕಡಾ ಗುರುತು ತುಂಬಿದ ಉದ್ದನೆಯ ಸಾಲಾಗಿ ಬರುತ್ತವೆ. ಅಪಾಚೆ ಹಳೇ ದಾರಿಯನ್ನು ಹೋಲಿಸುವುದು ಬಿಡಿಸಿದ ಅಕ್ಷರಗಳ ಜೊತೆ. ಹಾಗಾಗಿ ಕನ್ನಡದಲ್ಲೇ ಬರೆದು ಫೈಲನ್ನು ಯುಟಿಎಫ್-8ರಲ್ಲಿ (ಕನ್ನಡ ಅಕ್ಷರ ಕೆಡದಂತೆ ಉಳಿಸುವ ಬಗೆ) ಸೇವ್ ಮಾಡಿ. ಇದಕ್ಕಿಂತ ಕಾಡುವುದು ಕಣ್ಣಿಗೆ ಕಾಣದ ಅಕ್ಷರ. ‘ಕೋರ್ಸ್‌ಗಳು’ ಅಂತ ಬರೆಯುವಾಗ ಒತ್ತಕ್ಷರ ಬರದಂತೆ ನಡುವೆ ಜಡ್‌ಡಬ್ಲ್ಯುಎನ್‌ಜೆ ಅನ್ನುವ ಅದೃಶ್ಯ ಗುರುತು ಕೂರುತ್ತದೆ. ವಿಳಾಸದಲ್ಲಿ ಅದು ಇದ್ದು ನಿಮ್ಮ ನಿಯಮದಲ್ಲಿ ಇಲ್ಲದಿದ್ದರೆ ಎರಡೂ ನೋಡಲು ಹೆಚ್ಚೂಕಡಿಮೆ ಒಂದೇ ಥರ ಕಂಡರೂ ನಿಯಮ ಕೆಲಸ ಮಾಡುವುದಿಲ್ಲ. ಕೈಯಲ್ಲಿ ಟೈಪ್ ಮಾಡಬೇಡಿ, ಪುಟದ ಎಡಿಟರಿನಿಂದಲೇ ಸ್ಲಗ್ ಕಾಪಿ ಮಾಡಿ. ಹೊಸದಾಗಿ ಸೈಟ್ ಕಟ್ಟುವವರಾದರೆ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಇಡಿ ಅಂತಲೇ ನನ್ನ ಸಲಹೆ, ಕನ್ನಡಾಭಿಮಾನಿಗಳು ಬೈದರೂ ಪರವಾಗಿಲ್ಲ.

ಮೆಟಾ ರಿಫ್ರೆಶ್, ಅಂದರೆ ಪುಟದೊಳಗೇ ‘ಇಷ್ಟು ಸೆಕೆಂಡಿಗೆ ಅಲ್ಲಿಗೆ ಹೋಗು’ ಅಂತ ಬರೆಯುವ ವಿಧಾನವನ್ನು ಬೇರೆ ದಾರಿ ಇಲ್ಲದಾಗ ಮಾತ್ರ ಬಳಸಿ. 0 ಸೆಕೆಂಡ್ ಕೊಟ್ಟರೆ ಗೂಗಲ್ ಅದನ್ನು ಖಾಯಂ ಅಂತ ಓದುತ್ತದೆ. ಸ್ವಲ್ಪ ತಡ ಮಾಡಿ ಕಳಿಸಿದರೆ ತಾತ್ಕಾಲಿಕ ಅಂತ ಓದುತ್ತದೆ.

ಹಂತ 6: ಪರೀಕ್ಷೆ ಮಾಡಿ

ಬ್ರೌಸರಿನಲ್ಲಿ ತೆರೆದು ‘ಸರಿಯಾದ ಪುಟಕ್ಕೆ ಹೋಯಿತು’ ಅಂದರೆ ಪರೀಕ್ಷೆ ಆಗಲಿಲ್ಲ. 301 ಹಾಕಿದ್ದರೂ ಹಾಗೇ ಹೋಗುತ್ತದೆ, ಅಲ್ವಾ? ಕೋಡ್ ನೋಡಬೇಕು.

ಕಂಪ್ಯೂಟರಿನ ಕಮಾಂಡ್ ವಿಂಡೋದಲ್ಲಿ ‘ಕರ್ಲ್’ ಆದೇಶ, ಜಾಗ ಬಿಟ್ಟು ಅಡ್ಡಗೆರೆ ಮತ್ತು ದೊಡ್ಡಕ್ಷರದ ‘ಐ’, ಮತ್ತೆ ಜಾಗ ಬಿಟ್ಟು ವಿಳಾಸ ಹಾಕಿ. ಮೊದಲ ಸಾಲಿನಲ್ಲಿ 302 ಇರಬೇಕು. ‘ಲೊಕೇಶನ್’ ಸಾಲಿನಲ್ಲಿ ಹೊಸ ವಿಳಾಸ ಇರಬೇಕು. ಕಮಾಂಡ್ ಬೇಡ ಅನ್ನುವವರು ಕ್ರೋಮ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಭಾಗದಲ್ಲಿ ‘ಪ್ರಿಸರ್ವ್ ಲಾಗ್’ ಮತ್ತು ‘ಡಿಸೇಬಲ್ ಕ್ಯಾಶ್’ (ಕ್ಯಾಶ್ ಅಂದರೆ ನೆನಪಿಟ್ಟುಕೊಂಡ ಹಳೇ ಪ್ರತಿ) ಟಿಕ್ ಮಾಡಿ ಪುಟ ತೆರೆಯಿರಿ.

ಕ್ರೋಮ್‌ನಲ್ಲಿ 307 ಇಂಟರ್ನಲ್ ರೀಡೈರೆಕ್ಟ್ ಅಂತ ಕಂಡರೆ ಗಾಬರಿಯಾಗಬೇಡಿ. ಅದು ಸರ್ವರ್ ಕೊಟ್ಟದ್ದಲ್ಲ. ಸುರಕ್ಷಿತ ಸಂಪರ್ಕಕ್ಕೆ ಬ್ರೌಸರ್ ತಾನೇ ಬದಲಾಯಿಸಿಕೊಳ್ಳುವಾಗ ತೋರಿಸುವ ಸಂಖ್ಯೆ. ಅದರ ಕೆಳಗಿನ ಸಾಲು ನೋಡಿ.

ಅಪ್ಪಿತಪ್ಪಿ 301 ಹಾಕಿದ್ದರೆ ತಕ್ಷಣ ಬದಲಾಯಿಸಿ. ಬ್ರೌಸರುಗಳು 301 ಅನ್ನು ನೆನಪಿಟ್ಟುಕೊಳ್ಳುತ್ತವೆ. ಒಮ್ಮೆ ಬಂದ ಗಿರಾಕಿಯ ಫೋನ್ ಮುಂದಿನ ಸಲ ನಿಮ್ಮ ಸರ್ವರನ್ನು ಕೇಳದೆಯೇ ಹೊಸ ವಿಳಾಸಕ್ಕೆ ಹೋಗಿಬಿಡಬಹುದು. ಆ ಫೋನಿನ ಕ್ಯಾಶ್ ಅನ್ನು ನೀವು ಕೂತಲ್ಲಿಂದ ಅಳಿಸಲು ಆಗುವುದಿಲ್ಲ. ಚೀಲದ ಮೇಲೆ, ವಿಸಿಟಿಂಗ್ ಕಾರ್ಡಿನ ಮೇಲೆ ಕ್ಯೂಆರ್ ಕೋಡ್ ಅಚ್ಚು ಹಾಕಿಸುವವರಂತೂ 302 ಬಿಟ್ಟು ಬೇರೇನೂ ಬಳಸಬಾರದು ಅನ್ನುವುದು ಇದಕ್ಕೇ. ಈ ದೀಪಾವಳಿಗೆ ಒಂದು ಪುಟ, ಮುಂದಿನ ಯುಗಾದಿಗೆ ಇನ್ನೊಂದು ಪುಟ ಬೇಕಾಗುತ್ತದೆ.

ಹಂತ 7: ಉಳಿದದ್ದನ್ನು ಮುಟ್ಟಬೇಡಿ

302 ಹಾಕಿದ ಮೇಲೆ ಕೆಲವರು ಉತ್ಸಾಹದಲ್ಲಿ ಮೆನು, ಸೈಟ್‌ಮ್ಯಾಪ್, ಒಳಗಿನ ಲಿಂಕು ಎಲ್ಲವನ್ನೂ ಹೊಸ ವಿಳಾಸಕ್ಕೆ ಬದಲಾಯಿಸುತ್ತಾರೆ. ಕ್ಯಾನೊನಿಕಲ್ ಆರಿಸುವಾಗ ಗೂಗಲ್ ಇವೆಲ್ಲವನ್ನೂ ಒಟ್ಟಿಗೆ ತೂಗುತ್ತದೆ. ಒಂದು ಕಡೆ 302 ‘ವಾಪಸ್ ಬರುತ್ತೇನೆ’ ಅನ್ನುತ್ತಿದ್ದು, ಉಳಿದೆಲ್ಲವೂ ‘ಹೊರಟುಹೋಯಿತು’ ಅಂದರೆ ಉಳಿದವೇ ಗೆಲ್ಲುತ್ತವೆ. ಪುಟ ವಾಪಸ್ ಬರುವುದು ಖಂಡಿತ ಇದ್ದರೆ ಹಳೇ ಲಿಂಕುಗಳು ಹಾಗೇ ಇರಲಿ.

ರೋಬೋಟ್ಸ್ ಫೈಲಿನಲ್ಲಿ ಹಳೇ ವಿಳಾಸವನ್ನು ತಡೆಯಬೇಡಿ. ತಡೆದರೆ ಗೂಗಲ್ ಬಾಗಿಲಿಗೇ ಬರುವುದಿಲ್ಲ, 302 ಇದೆ ಅಂತ ಅದಕ್ಕೆ ತಿಳಿಯುವುದೂ ಇಲ್ಲ. ಸರ್ಚ್ ಕನ್ಸೋಲ್‌ನ ರಿಮೂವಲ್ಸ್ ಉಪಕರಣವನ್ನೂ ಬಳಸಬೇಡಿ. ಅದು ಸುಮಾರು 6 ತಿಂಗಳು ಪುಟವನ್ನು ಫಲಿತಾಂಶದಿಂದ ಮರೆಮಾಡುತ್ತದೆ. ನಿಮಗೆ ಬೇಕಿರುವುದು ಅದರ ತದ್ವಿರುದ್ಧ.

ಇಡೀ ಸೈಟೇ ಮುಚ್ಚಿದ್ದರೆ

ಸರ್ವರ್ ಬದಲಾವಣೆ, ಡೇಟಾಬೇಸ್ ಕೆಲಸ ಅಂತ ಇಡೀ ಸೈಟನ್ನು ಕೆಲವು ಗಂಟೆ ನಿಲ್ಲಿಸಬೇಕಾದರೆ 302 ಬೇಡ. 503 ಕೊಡಿ. ‘ಈಗ ಸೇವೆ ಇಲ್ಲ, ಆಮೇಲೆ ಬಾ’ ಅಂತ ಅದರ ಅರ್ಥ. ಜೊತೆಗೆ ‘ರಿಟ್ರೈ ಆಫ್ಟರ್’ ಹೆಡರಿನಲ್ಲಿ ಯಾವಾಗ ಬರಬೇಕು ಅಂತಲೂ ಹೇಳಬಹುದು. ಆದರೆ ಒಂದೆರಡು ದಿನ ದಾಟಿಸಬೇಡಿ. ಜಾಸ್ತಿ ದಿನ 503 ಬಂದರೆ ಗೂಗಲ್ ಪುಟಗಳನ್ನು ಇಂಡೆಕ್ಸಿನಿಂದ ತೆಗೆಯಲು ಶುರು ಮಾಡುತ್ತದೆ.

ಹಂತ 8: ತೆಗೆಯಿರಿ

ನಮ್ಮೂರಿನ ರಸ್ತೆ ಡೈವರ್ಷನ್ ಬೋರ್ಡುಗಳ ಥರ, ತಾತ್ಕಾಲಿಕ ಅಂತ ಹಾಕಿದ 302 ಕೂಡ ಕೆಲಸ ಮುಗಿದ ಮೇಲೂ ಅಲ್ಲೇ ನಿಂತಿರುತ್ತದೆ. ಎಕ್ಸೆಲ್ ಹಾಳೆಯಲ್ಲಿ ದಿನಾಂಕದ ಕಾಲಂ ಬೇಕು ಅಂದದ್ದು ಇದಕ್ಕೇ. ಇಷ್ಟೇ ದಿನ ಅಂತ ಗೂಗಲ್ ಯಾವ ಲೆಕ್ಕವನ್ನೂ ಕೊಟ್ಟಿಲ್ಲ. ಆದರೆ ಬಹಳ ಕಾಲ ಉಳಿದ 302 ಅನ್ನು ಅದು ಖಾಯಂ ಅಂತಲೇ ತಿಳಿಯಲು ಶುರು ಮಾಡುತ್ತದೆ. ಕೆಲವು ವಾರ ಸರಿ. ತಿಂಗಳುಗಟ್ಟಲೆ ಎಳೆಯುವ ಲಕ್ಷಣ ಕಂಡರೆ ಹಳೇ ಪುಟವನ್ನೇ ಅಷ್ಟೋ ಇಷ್ಟೋ ತಿದ್ದಿ ಮತ್ತೆ ಹಾಕಿ, ಉಳಿದದ್ದು ನಿಧಾನಕ್ಕೆ ಮಾಡಿಕೊಳ್ಳಿ.

ಪುಟ ರೆಡಿಯಾದ ದಿನ ನಿಯಮ ಅಳಿಸಿ, ಕ್ಯಾಶ್ ಪ್ಲಗಿನ್ ಇದ್ದರೆ ಖಾಲಿ ಮಾಡಿ, ಕರ್ಲ್‌ನಲ್ಲಿ ಮತ್ತೆ ನೋಡಿ. ಈಗ 200 (‘ಪುಟ ಸರಿಯಾಗಿ ಸಿಕ್ಕಿತು’) ಬರಬೇಕು. ಸ್ಟೇಜಿಂಗ್‌ನಲ್ಲಿದ್ದಾಗ ಹಾಕಿದ ನೋಇಂಡೆಕ್ಸ್ ಟ್ಯಾಗ್ (ಇಂಡೆಕ್ಸಿಗೆ ಸೇರಿಸಬೇಡ ಅನ್ನುವ ಸಾಲು) ಹೊಸ ಪುಟದ ಜೊತೆ ಬಂದುಬಿಟ್ಟಿದೆಯಾ ನೋಡಿ. ವರ್ಡ್‌ಪ್ರೆಸ್‌ನಲ್ಲಿ ಸೆಟ್ಟಿಂಗ್ಸ್, ರೀಡಿಂಗ್ ಒಳಗಿನ ‘ಸರ್ಚ್ ಎಂಜಿನ್‌ಗಳಿಗೆ ಬೇಡ’ ಅನ್ನುವ ಟಿಕ್ ಉಳಿದಿದ್ದರೆ ಇಡೀ ಸೈಟಿಗೆ ಪೆಟ್ಟು. ಆಮೇಲೆ ಸರ್ಚ್ ಕನ್ಸೋಲ್‌ನಲ್ಲಿ ವಿಳಾಸ ಹಾಕಿ ಲೈವ್ ಟೆಸ್ಟ್ ಮಾಡಿ, ರಿಕ್ವೆಸ್ಟ್ ಇಂಡೆಕ್ಸಿಂಗ್ ಒತ್ತಿ. ಒಂದು ಸಲ ಒತ್ತಿದರೆ ಸಾಕು, ಮತ್ತೆ ಮತ್ತೆ ಒತ್ತಿದರೆ ಬೇಗ ಆಗುವುದಿಲ್ಲ.

ವರದಿಯಲ್ಲಿ ‘ಪೇಜ್ ವಿತ್ ರೀಡೈರೆಕ್ಟ್’ ಅಂತ ಸ್ವಲ್ಪ ದಿನ ಕಾಣುತ್ತಲೇ ಇರುತ್ತದೆ. ಗೂಗಲ್ ಮತ್ತೆ ಬಂದು ಓದುವವರೆಗೆ ಅದು ಹಳೇ ಸುದ್ದಿ. ಮತ್ತೆ ಓದಿದ ಮೇಲೂ ‘ಗೂಗಲ್ ಆರಿಸಿದ ಕ್ಯಾನೊನಿಕಲ್’ ಸಾಲಿನಲ್ಲಿ ಬೇರೆ ವಿಳಾಸವೇ ಇದ್ದರೆ ಹೊಸ ಪುಟದ ಕ್ಯಾನೊನಿಕಲ್ ಟ್ಯಾಗ್ (‘ಮುಖ್ಯ ವಿಳಾಸ ಇದು’ ಅಂತ ಪುಟದೊಳಗೆ ಬರೆಯುವ ಸಾಲು) ಪರೀಕ್ಷಿಸಿ. ಸದ್ಯಕ್ಕೆ ಯಾವ ಪುಟಕ್ಕೆ ತಿರುಗಿಸಿಟ್ಟಿದ್ದಿರೋ ಅದರ ನಕಲು ಮಾಡಿ ಹೊಸದನ್ನು ಕಟ್ಟಿದ್ದರೆ, ಆ ಟ್ಯಾಗಿನಲ್ಲಿ ಆ ಪುಟದ ವಿಳಾಸವೇ ಉಳಿದಿರುವ ಸಾಧ್ಯತೆ ಇದೆ.